ಹಳೆ ಕಾಗದ: ಬೀಗರ ಮುತ್ತಜ್ಜನನ್ನು ಹುಡುಕೋದು ಹೇಗೆ?

ಪ್ರಶ್ನೆ: ಸರ್, ನಾನು ಭಾಲ್ಕಿಯಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿಯಾಗಿದ್ದೆ, ಈಗ ನಿವೃತ್ತಿ. ಮಗಳು ಇಂಗ್ಲೆಂಡಿನಲ್ಲಿದ್ದಾಳೆ, ಅಳಿಯ ಅಲ್ಲಿಯವರೇ. ಒಂಬತ್ತು ವರ್ಷದ ಮೊಮ್ಮಗ ಎರಡೂ ಕಡೆಯ ವಂಶಾವಳಿ ಬರೆದುಕೊಡು ಅಜ್ಜಿ ಅಂತ ಬೆನ್ನು ಬಿದ್ದಿದ್ದಾನೆ. ಬೀಗರ ಹಿರಿಯರು ಸಫೋಕ್ ಕಡೆಯ ಹಳ್ಳಿಯೊಂದರಲ್ಲಿ ‘ಯೋಮನ್’ ಆಗಿದ್ದರಂತೆ. ಹಾಗಂದ್ರೆ ಏನು? ಅವರ ಹತ್ತಿರ ಇರೋದು ಬೀಗರ ಅಜ್ಜನ ಜನನ ಪ್ರಮಾಣಪತ್ರ ಒಂದೇ. ಅಲ್ಲಿಂದ ಹಿಂದಕ್ಕೆ ಹೋಗಲು ಆಗುತ್ತಾ?
– ಓದುಗರು, ಭಾಲ್ಕಿ

ಉತ್ತರ: ಅಕ್ಕೋರೆ, ಆಗುತ್ತೆ. ನಾನು 31 ವರ್ಷ ತಹಸೀಲ್ ಕಚೇರಿ ರೆಕಾರ್ಡ್ ರೂಮಿನ ಧೂಳು ಕುಡಿದವನು. ತಮ್ಮನ ಮಗ ಇಪ್ಸ್‌ವಿಚ್‌ನಲ್ಲಿ ನೌಕರಿ ಮಾಡುತ್ತಾನೆ. ಅವನ ಮನೆಗೆ ಹೋಗಿ ಎರಡು ತಿಂಗಳು ಇದ್ದಾಗ, ಹಗಲೆಲ್ಲ ಸುಮ್ನೆ ಕೂರಲಾಗದೆ ಅಲ್ಲಿಯ ರೆಕಾರ್ಡ್ ಆಫೀಸಿಗೆ ಹೋಗಿ ಕೂತೆ. ಇಪ್ಸ್‌ವಿಚ್ ಇರೋದು ಸಫೋಕ್‌ನಲ್ಲೇ. ಒಳಗೆ ಪೆನ್ನು ಬಿಡಲ್ಲ, ಪೆನ್ಸಿಲ್ ಒಂದೇ. ನಮ್ಮ ರೆಕಾರ್ಡ್ ರೂಮಿನಲ್ಲಿ ಚಹಾದ ಕಪ್ಪು ಕಡತದ ಮೇಲೇ ಇಡುತ್ತಿದ್ದೆವು. ನಾನೂ ಇಟ್ಟವನೇ.

ಯೋಮನ್ ಅಂದ್ರೆ ಸ್ವಂತ ಹೊಲ, ಸ್ವಂತ ಎತ್ತು ಇದ್ದ ಗಟ್ಟಿ ಕುಳ. ಅವನಿಗಿಂತ ಮೇಲಿನವನು ಜಂಟಲ್‌ಮನ್, ಅವನು ನೇಗಿಲು ಮುಟ್ಟುತ್ತಿರಲಿಲ್ಲ. ಕೆಳಗಿನವನು ಹಸ್ಬೆಂಡ್‌ಮನ್, ಅಂದರೆ ಸಣ್ಣ ರೈತ. ಹೆಸರು ನೋಡಿ ಗಂಡ ಅಂದುಕೊಳ್ಳಬೇಡಿ, ನಾನು ಮೊದಲ ದಿನ ಹಾಗೇ ಅಂದುಕೊಂಡು ನಗೆಪಾಟಲಾದೆ. ವರ್ಷಕ್ಕೆ 40 ಶಿಲಿಂಗ್ ಹುಟ್ಟುವ ಸ್ವಂತ ಜಮೀನು ಇದ್ದವನಿಗೆ 1430ರಿಂದಲೇ ಪಾರ್ಲಿಮೆಂಟಿಗೆ ಓಟು ಹಾಕುವ ಹಕ್ಕಿತ್ತು. ಆದರೆ ಯೋಮನ್ ಅನ್ನೋದು ಸರಕಾರ ಕೊಟ್ಟ ಪದವಿ ಅಲ್ಲ. ಒಬ್ಬನೇ ಮನುಷ್ಯ ತನ್ನ ಮೃತ್ಯುಪತ್ರದಲ್ಲಿ ಯೋಮನ್ ಅಂತ ಬರೆಸಿಕೊಂಡಿರುತ್ತಾನೆ, ಅವನು ಸತ್ತ ಮೇಲೆ ನೆರೆಯವರು ಬರೆದ ಪಟ್ಟಿಯಲ್ಲಿ ಹಸ್ಬೆಂಡ್‌ಮನ್ ಆಗಿರುತ್ತಾನೆ. ನಮ್ಮಲ್ಲೂ ಎಂಟೆಕರೆ ಇದ್ದವರು ಲಗ್ನಪತ್ರಿಕೆಯಲ್ಲಿ ಸಾಹುಕಾರರೇ ಅಲ್ವಾ?

ಈಗ ಕೆಲಸಕ್ಕೆ ಬರೋಣ. ಜನನ ಪತ್ರದಲ್ಲಿ ಅಪ್ಪನ ಹೆಸರು, ಅಮ್ಮನ ತವರಿನ ಅಡ್ಡಹೆಸರು ಎರಡೂ ಇರುತ್ತವೆ. ಅದನ್ನು ಹಿಡಿದು ತಂದೆ-ತಾಯಿಯ ಮದುವೆ, ಆಮೇಲೆ ತಂದೆಯ ಜನನ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿರಿ. ಈ ಸರಕಾರಿ ನೋಂದಣಿ 1837ರ ಜುಲೈ 1ರಿಂದ ಇದೆ. ಜೊತೆಗೆ 1841ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿಯ ಪಟ್ಟಿಯಲ್ಲಿ ಮನೆಮಂದಿಯ ಹೆಸರು. 1851ರಿಂದ ಯಾವ ಊರಲ್ಲಿ ಹುಟ್ಟಿದ್ದು ಅಂತಲೂ ಬರೆದಿದ್ದಾರೆ. ಆ ಊರಿನ ಹೆಸರು ಸಿಕ್ಕರೆ ನೀವು ಚರ್ಚಿನ ಬಾಗಿಲಿಗೆ ಬಂದ ಹಾಗೆ. ಇಲ್ಲಿವರೆಗೆ ಸಲೀಸು, ಅಳಿಯಂದಿರೇ ಮನೆಯಲ್ಲಿ ಕೂತು ಮಾಡಿಯಾರು.

ಅಲ್ಲಿಂದ ಹಿಂದಕ್ಕೆ ಪ್ಯಾರಿಷ್ ರಿಜಿಸ್ಟರ್. ಪ್ಯಾರಿಷ್ ಅಂದರೆ ಒಂದು ಚರ್ಚಿನ ಸರಹದ್ದು, ಹೆಚ್ಚುಕಮ್ಮಿ ಒಂದು ಹಳ್ಳಿ. ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಹುಕುಂ ಹೊರಡಿಸಿದ: ಪ್ರತಿ ಚರ್ಚಿನಲ್ಲೂ ದೀಕ್ಷಾಸ್ನಾನ, ಮದುವೆ, ಹೂಳಿದ್ದು ಎಲ್ಲಾ ಬರೆದಿಡಬೇಕು, ಬರೆದ ಪುಸ್ತಕ ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು. ಅರವತ್ತು ವರ್ಷ ಆದ ಮೇಲೆ ಕಾಗದದ ಪುಸ್ತಕಗಳನ್ನು ಚರ್ಮದ ಹಾಳೆಗೆ ನಕಲು ಮಾಡಿ, ರಾಣಿ ಎಲಿಜಬೆತ್ ಪಟ್ಟಕ್ಕೆ ಬಂದಾಗಿನಿಂದಾದರೂ ಮಾಡಿ ಅಂತ ಆದೇಶ ಬಂತು. ಬರೆಯುವವರು ಎಲ್ಲಾ ಕಡೆ ಒಂದೇ ನೋಡಿ, ‘ಆದರೂ’ ಅನ್ನೋ ಮಾತು ಕಂಡ ಕೂಡಲೇ ಕಡಿಮೆ ಕೆಲಸ ಹಿಡಿದುಕೊಂಡರು. ಅದಕ್ಕೇ ಬಹಳಷ್ಟು ಊರಿನ ಪುಸ್ತಕ ಅವಳು ಪಟ್ಟಕ್ಕೆ ಬಂದ 1558ರಿಂದಲೇ ಶುರು. ಆ ಹೊತ್ತಿಗೇ ವರ್ಷಕ್ಕೊಂದು ನಕಲು ಬಿಷಪ್ ಕಚೇರಿಗೆ ಕಳಿಸುವ ಪದ್ಧತಿಯೂ ಬಂತು. ಮೂಲ ಇಲಿ ತಿಂದಿದ್ದರೆ ಆ ನಕಲು ಕೇಳಿ.

ಒಂದು ಕಡೆ ಮಾತ್ರ ಎಲ್ಲರೂ ಎಡವುತ್ತಾರೆ. ಒಂದು ಮಗುವಿಗೆ 1645ರ ನವೆಂಬರ್ 2ಕ್ಕೆ ದೀಕ್ಷಾಸ್ನಾನ ಆಗಿದೆ ಅಂದುಕೊಳ್ಳಿ. ಅದೇ ಮಗುವನ್ನು 1645ರ ಫೆಬ್ರವರಿ 5ಕ್ಕೆ ಹೂಳಿದ್ದಾರೆ ಅಂತಲೂ ಬರೆದಿದೆ. ಹುಟ್ಟುವ ಮೊದಲೇ ಸತ್ತಿತಾ? ಇಲ್ಲ. ಆಗ ಅವರ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಅವರ 1645ರ ಫೆಬ್ರವರಿ ನಮ್ಮ ಲೆಕ್ಕದಲ್ಲಿ 1646. ಮಗು ಮೂರು ತಿಂಗಳು ಬದುಕಿತ್ತು. 1752ರ ತನಕ ಜನವರಿಯಿಂದ ಮಾರ್ಚ್ 24ರವರೆಗಿನ ತಾರೀಕು ಕಂಡರೆ ಎರಡೂ ವರ್ಷ ಬರೆದುಕೊಳ್ಳಿ. ಯುಗಾದಿಗೆ ವರ್ಷ ಬದಲಿಸುವ ನಮಗೆ ಇದೇನು ಸೋಜಿಗ ಅಲ್ಲ. ನಿಜಾಮರ ಕಾಲದ ಕಂದಾಯ ಲೆಕ್ಕದ ಫಸ್ಲಿ ವರ್ಷಕ್ಕೆ 590 ಕೂಡಿಸಿ ಕೂಡಿಸಿಯೇ ನನ್ನ ಅರ್ಧ ನೌಕರಿ ಮುಗಿಯಿತು.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಹೆಸರು ಸಿಕ್ಕಿತು ಅಂದರೆ ಮನುಷ್ಯ ಸಿಕ್ಕಿದ ಅಂತಲ್ಲ. ಇದನ್ನು ನಾನು ಕಲಿತದ್ದು ಇಂಗ್ಲೆಂಡಿನಲ್ಲಲ್ಲ, ನಮ್ಮ ಮನೆ ಕಟ್ಟೆಯ ಮೇಲೆ.

ನನ್ನ ಮುತ್ತಜ್ಜನ ಹೆಸರು ಶರಣಪ್ಪ, ಅವನಪ್ಪ ಬಸಪ್ಪ. ಫಸ್ಲಿ 1320ರ, ಅಂದರೆ 1910ರ ಸುಮಾರಿನ ಉರ್ದು ಕಾಗದದಲ್ಲಿ ‘ಶರಣಪ್ಪ ತಂದೆ ಬಸಪ್ಪ’ ಅಂತ ಎರಡು ಹೊಲದ ಮುಂದೆ ಸಿಕ್ಕಿತು. ಎರಡೂ ಒಬ್ಬನದೇ ಅಂತ ಖುಷಿಯಿಂದ ವಂಶಾವಳಿ ಬರೆದು, ಫ್ರೇಮ್ ಹಾಕಿಸಿ, ಮನೆತನದ ಎಲ್ಲರಿಗೂ ಹಂಚಿದೆ. ಮುಂದಿನ ಸುಗ್ಗಿಗೆ, ಮನೆತನಗಳ ವಂಶಾವಳಿ ಬರೆದಿಟ್ಟು ಹೇಳುವ ನಮ್ಮ ಹೆಳವ ಎತ್ತಿನ ಮೇಲೆ ಬಂದ. ಫ್ರೇಮ್ ತೋರಿಸಿದೆ. ಅವನು ತನ್ನ ಪುಸ್ತಕ ಬಿಚ್ಚಿ, ಬೆರಳಿಟ್ಟು ಓದಿ, ನಕ್ಕು, “ಈ ಶರಣಪ್ಪ ನಿಮ್ಮವ ಅಲ್ರೀ ಅಪ್ಪಾರ. ಇವ ಕೆಳಗಿನ ಓಣಿಯಾವ. ನಿಮ್ಮ ಶರಣಪ್ಪಗ ಇದ್ದದ್ದು ಹಳ್ಳದ ದಂಡಿ ಹೊಲ ಒಂದೇ” ಅಂದ. ಹದಿನಾಲ್ಕು ಫ್ರೇಮ್ ವಾಪಸ್ ತರಿಸಿದೆ. ಸೇಡಂನ ನಮ್ಮ ದೊಡ್ಡಕ್ಕ ಮಾತ್ರ ಕೊಡಲಿಲ್ಲ. ಎರಡು ಹೊಲ ಇರೋದೇ ಚೆಂದ ಕಾಣುತ್ತೆ ಅಂದಳು.

ಸಫೋಕ್‌ನಲ್ಲೂ ಇದೇ ಕಥೆ. ಊರ ತುಂಬಾ ಜಾನ್, ವಿಲಿಯಂ, ಥಾಮಸ್. ಮೊದಲ ಜಾನ್ ಕೂಸಾಗಿದ್ದಾಗಲೇ ಸತ್ತರೆ ಮುಂದಿನ ಮಗುವಿಗೂ ಅದೇ ಹೆಸರು. ಹಳೆಯ ರಿಜಿಸ್ಟರಿನಲ್ಲಿ ಎಷ್ಟೋ ಸಲ ಅಮ್ಮನ ಹೆಸರೂ ಇರಲ್ಲ. ಅಡ್ಡಹೆಸರನ್ನು ಪಾದ್ರಿ ಕಿವಿಗೆ ಕೇಳಿಸಿದ ಹಾಗೆ ಮೂರು ಥರ ಬರೆದಿರುತ್ತಾನೆ. ಇಬ್ಬರು ಜಾನ್‌ಗಳಲ್ಲಿ ನಿಮ್ಮ ಬೀಗರ ಜಾನ್ ಯಾರು ಅಂತ ಹೇಳಲು ಅಲ್ಲಿ ಹೆಳವ ಬರಲ್ಲ. ಹೇಳೋದು ಮೃತ್ಯುಪತ್ರ.

ಯೋಮನ್ ಮನೆತನ ಸಿಕ್ಕಿದ್ದು ನಿಮ್ಮ ಅದೃಷ್ಟ ಅನ್ನೋದು ಇದಕ್ಕೇ. ಕೂಲಿಯವನು ಮೃತ್ಯುಪತ್ರ ಬರೆಸೋದು ಅಪರೂಪ. ಯೋಮನ್‌ಗೆ ಹಂಚಲು ಆಸ್ತಿ ಇತ್ತು, ಹಂಚದೆ ಹೋದರೆ ಮಕ್ಕಳು ಬಡಿದಾಡಿಯಾರು ಅನ್ನೋ ಹೆದರಿಕೆಯೂ ಇತ್ತು. ಶುರುವಿನಲ್ಲಿ ‘ದೇವರ ಹೆಸರಿನಲ್ಲಿ, ಆಮೆನ್’. ಆಮೇಲೆ ‘ಮೈಯಲ್ಲಿ ಹುಷಾರಿಲ್ಲ, ನೆನಪು ಮಾತ್ರ ಚೆನ್ನಾಗಿದೆ’ ಅಂತ ಒಂದು ಸಾಲು. ಅದನ್ನು ಓದಿದಾಗ ನನಗೆ ನಮ್ಮ ಉರ್ದು ದಸ್ತಾವೇಜಿನ ‘ಬಾ ಹೋಶೋ ಹವಾಸ್’ (ಪೂರಾ ಎಚ್ಚರದಲ್ಲಿದ್ದು) ನೆನಪಾಗಿ ನಗು ಬಂತು. ನಂತರ ಆತ್ಮ ದೇವರಿಗೆ, ದೇಹ ಚರ್ಚಿನ ಅಂಗಳಕ್ಕೆ, ಊರ ಬಡವರಿಗೆ ಒಂದಿಷ್ಟು ಶಿಲಿಂಗ್. ಇಷ್ಟಾದ ಮೇಲೆ ನಿಮಗೆ ಬೇಕಾದದ್ದು ಬರುತ್ತೆ. ಹೆಂಡತಿ, ಗಂಡುಮಕ್ಕಳು, ಮದುವೆಯಾದ ಹೆಣ್ಣುಮಕ್ಕಳು ಗಂಡನ ಅಡ್ಡಹೆಸರಿನ ಸಮೇತ, ಮೊಮ್ಮಕ್ಕಳು. ಒಂದೇ ಹಾಳೆಯಲ್ಲಿ ಮೂರು ತಲೆಮಾರು!

ದೊಡ್ಡ ಮಗನಿಗೆ ಒಂದೇ ಶಿಲಿಂಗ್ ಕೊಟ್ಟಿದ್ದರೆ ಅಪ್ಪ-ಮಗ ಜಗಳ ಆಡಿದ್ದರು ಅಂತ ಕಥೆ ಕಟ್ಟಬೇಡಿ. ಅವನ ಪಾಲು ಮದುವೆ ಹೊತ್ತಿಗೇ ಕೊಟ್ಟು ಮುಗಿಸಿರಬಹುದು. ಸಂಬಂಧದ ಹೆಸರುಗಳ ಬಗ್ಗೆಯೂ ಎಚ್ಚರ ಇರಲಿ. ಆ ಕಾಲದ ‘ಸನ್-ಇನ್-ಲಾ’ ಎಷ್ಟೋ ಸಲ ಅಳಿಯ ಅಲ್ಲ, ಹೆಂಡತಿಯ ಮೊದಲ ಗಂಡನ ಮಗ. ‘ಕಸಿನ್’ ಅಂದರೆ ಸತ್ತವನ ಸ್ವಂತ ಅಣ್ಣನ ಇಲ್ಲವೇ ತಮ್ಮನ ಮಗನೂ ಇರಬಹುದು. ಅಕ್ಕನ ಮಗನಿಗೂ ಮಗಳ ಗಂಡನಿಗೂ ಅಳಿಯ ಅಂತಲೇ ಕರೆಯುವ ನಮಗೆ ಇದು ಬೇಗ ಅರ್ಥ ಆಗುತ್ತೆ.

ಮೃತ್ಯುಪತ್ರದ ಜೊತೆ ಪಂಚನಾಮೆ ಸಿಕ್ಕರಂತೂ ಬಿಡಲೇಬೇಡಿ. 1529ರ ಕಾಯ್ದೆ ಪ್ರಕಾರ ಸತ್ತವನ ಸಾಮಾನಿನ ಪಟ್ಟಿ ಮಾಡಿ ಕೋರ್ಟಿಗೆ ಕೊಡಬೇಕಿತ್ತು. ನೆರೆಯವರು ಇಬ್ಬರು ಮೂವರು ಮನೆಗೆ ಬಂದು, ಕೋಣೆ ಕೋಣೆ ನೋಡಿ, ಬೆಲೆ ಕಟ್ಟುತ್ತಿದ್ದರು. ಸಾಮಾನ್ಯವಾಗಿ ಮೊದಲ ಸಾಲು ಸತ್ತವನ ಬಟ್ಟೆ ಮತ್ತು ಅವನ ಚೀಲದಲ್ಲಿದ್ದ ದುಡ್ಡು. ಆಮೇಲೆ ನಡುಮನೆ, ಮಲಗುವ ಕೋಣೆ, ಅಟ್ಟ. ಗರಿ ತುಂಬಿದ ಹಾಸಿಗೆಗೆ ಹಸುವಿನಷ್ಟು ಮರ್ಯಾದೆ. ಹಿತ್ತಾಳೆ ಪಾತ್ರೆ, ತವರದ ತಟ್ಟೆ, ಚೀಸ್ ಒತ್ತುವ ಹಲಗೆ, ಕಣಜದ ಬಾರ್ಲಿ, ಹೊಲದಲ್ಲಿ ನಿಂತ ಪೈರು. ನಾನು ನೋಡಿದ ಒಂದರಲ್ಲಿ ಅಂಗಳದ ತಿಪ್ಪೆಗೂ ಬೆಲೆ ಕಟ್ಟಿದ್ದರು. ನಮ್ಮಪ್ಪ ತಿಪ್ಪೆ ಗೊಬ್ಬರದ ಬಂಡಿ ಎಣಿಸುತ್ತಿದ್ದದ್ದು ಕಣ್ಣ ಮುಂದೆ ಬಂತು. ಅದರ ಮುಂದೆ ಇಡೀ ಮಧ್ಯಾಹ್ನ ಕೂತಿದ್ದೆ. ಅಕ್ಷರ ಮಾತ್ರ ಸಾಕುಬೇಕು ಮಾಡುತ್ತೆ. ಆ ಕಾಲದ ಬರವಣಿಗೆಗೆ ಸೆಕ್ರೆಟರಿ ಹ್ಯಾಂಡ್ ಅಂತಾರೆ. ಅದರ ‘ಸಿ’ ನಮ್ಮ ಕಣ್ಣಿಗೆ ‘ಆರ್’ ಥರ ಕಾಣುತ್ತೆ, ಉದ್ದ ‘ಎಸ್’ ಪೂರಾ ‘ಎಫ್’ ಥರ. ಉರ್ದುವಿನ ಶಿಕಸ್ತಾ ಬರಹ ಓದಿ ಪಳಗಿದ ನನಗೇ ಮೊದಲ ಪುಟಕ್ಕೆ ಮೂರು ದಿನ ಹಿಡಿಯಿತು.

ಎಲ್ಲಿ ಸಿಗುತ್ತೆ? ಆಗ ಮೃತ್ಯುಪತ್ರ ಮಂಜೂರು ಮಾಡುತ್ತಿದ್ದದ್ದು ಚರ್ಚಿನ ಕೋರ್ಟುಗಳು. ತಹಸೀಲು, ಜಿಲ್ಲೆ, ಹೈಕೋರ್ಟು ಇದ್ದ ಹಾಗೆ ಮೂರು ಹಂತ ಅಂದುಕೊಳ್ಳಿ. ಸಫೋಕ್‌ನ ಪಶ್ಚಿಮದ ಹಳ್ಳಿಯಾದರೆ ಸಡ್ಬರಿಯ ಆರ್ಚ್‌ಡೀಕನ್ (ಬಿಷಪ್‌ನ ಕೈಕೆಳಗಿನ ಅಧಿಕಾರಿ) ಕೋರ್ಟು, ಅದರ ಕಾಗದ ಬಹುಕಾಲ ‘ಬರಿ ಸೇಂಟ್ ಎಡ್ಮಂಡ್ಸ್’ ಅನ್ನೋ ಊರಿನಲ್ಲಿತ್ತು, ಈಗ ಎಲ್ಲಿದೆ ಅಂತ ಮೊದಲೇ ಕೇಳಿಕೊಳ್ಳಿ. ಪೂರ್ವದ ಹಳ್ಳಿಯದು ಇಪ್ಸ್‌ವಿಚ್‌ನಲ್ಲಿ. ಅಲ್ಲಿ ಇಲ್ಲದಿದ್ದರೆ ನಾರಿಚ್‌ನ ಬಿಷಪ್ ಕೋರ್ಟು. ಒಂದಕ್ಕಿಂತ ಹೆಚ್ಚು ಬಿಷಪ್‌ಗಳ ಸರಹದ್ದಿನಲ್ಲಿ ಆಸ್ತಿ ಇದ್ದವರದ್ದು ಕ್ಯಾಂಟರ್ಬರಿಯ ದೊಡ್ಡ ಕೋರ್ಟಿಗೆ ಹೋಗುತ್ತಿತ್ತು, ಆ ಪುಸ್ತಕಗಳು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಬರೀ ದೊಡ್ಡವರದ್ದು ಅಂತ ಬಿಡಬೇಡಿ, ಯೋಮನ್‌ಗಳೂ ಜಾಸ್ತಿ ಇದ್ದಾರೆ. 1858ರ ಜನವರಿ 12ರಿಂದ ಈ ಕೆಲಸ ಚರ್ಚಿನ ಕೈಬಿಟ್ಟು ಸರಕಾರಕ್ಕೆ ಬಂತು. ರಿಜಿಸ್ಟರಿನ ಹೆಸರು ಹುಡುಕಲು ಫ್ಯಾಮಿಲಿಸರ್ಚ್, ಫ್ರೀರೆಗ್ ಅನ್ನೋ ವೆಬ್‌ಸೈಟ್ ಎರಡೂ ಬಿಟ್ಟಿ. ಆದರೆ ಬೇರೆಯವರು ಅಲ್ಲಿ ಹಾಕಿದ ರೆಡಿಮೇಡ್ ವಂಶಾವಳಿ ಕಂಡರೆ ನನ್ನ ಹದಿನಾಲ್ಕು ಫ್ರೇಮ್ ನೆನೆಸಿಕೊಳ್ಳಿ.

ಪ್ರಶ್ನೆ: ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷವನ್ನೇ ಮನೆತನದ ಇತಿಹಾಸ ಅಂತ ಇಟ್ಟುಕೊಳ್ಳಬಹುದಾ?
– ಓದುಗರು, ಶಹಾಪುರ

ಉತ್ತರ: ಅದು ವಾರಸಾ ಮಾಡಿಸೋಕೆ. ಹೊಲ ಯಾರ್‍ಯಾರ ಹೆಸರಿಗೆ ಹೋಗಬೇಕೋ ಅಷ್ಟೇ ತಲೆಮಾರು ಅದರಲ್ಲಿರುತ್ತೆ. ಅದನ್ನು ಶುರು ಅಂತ ಹಿಡಿದು 1954-55ರ ಖಾಸ್ರಾ ಪಹಣಿ ನೋಡಿ, ಅದಕ್ಕೂ ಹಿಂದಿನದು ಉರ್ದುವಿನಲ್ಲಿ. ಓದಿಸಲು ಹಳೆಯ ವಕೀಲರ ಗುಮಾಸ್ತರನ್ನು ಹಿಡಿಯಿರಿ, ದಿನದಿಂದ ದಿನಕ್ಕೆ ಕಡಿಮೆ ಆಗುತ್ತಿದ್ದಾರೆ.

ಭಾಲ್ಕಿಯ ಅಕ್ಕೋರೆ, ನಿಮಗೆ ಒಂದು ಮಾತು ಬಿಟ್ಟಿದ್ದೆ. ನಿಮ್ಮ ಕಡೆಯ ಅರ್ಧ ವಂಶಾವಳಿಗೆ ನಿಮ್ಮ ಮನೆತನದ ಹೆಳವರು ಯಾರು, ಯಾವ ಊರಿನವರು ಅಂತ ಹಿರಿಯರನ್ನು ಕೇಳಿ ಇಟ್ಟುಕೊಳ್ಳಿ. ನಮ್ಮ ಹೆಳವನ ಪುಸ್ತಕದಲ್ಲಂತೂ ಹೆಣ್ಣುಮಕ್ಕಳ ಹೆಸರಿಲ್ಲ. ಯೋಮನ್‌ನ ಮೃತ್ಯುಪತ್ರದಲ್ಲಿ ಮಗಳಿಗೆ ಹೋದ ಹಿತ್ತಾಳೆ ಕೊಡವೂ ಇದೆ, ಇಲ್ಲಿ ಮಗಳೇ ಇಲ್ಲ. ಹಾಗಾಗಿ ನಿಮ್ಮ ಅಮ್ಮ, ಅಜ್ಜಿ, ಅವರ ತವರು, ನೆನಪಿದ್ದಷ್ಟನ್ನು ನೀವೇ ಇವತ್ತು ರಾತ್ರಿ ಬರೆದಿಡಿ. ಮೊಮ್ಮಗ ಮಗಳ ಮಗ, ಹೆಳವರ ಲೆಕ್ಕಕ್ಕೆ ಬರಲ್ಲ. ಆದರೂ ಕೇಳಿ ನೋಡಿ. ಎರಡು ಸೇರು ಜೋಳ ಜಾಸ್ತಿ ಹಾಕಿದರೆ ಆ ಇಂಗ್ಲಿಷ್ ಹೆಸರನ್ನೂ ಬರೆದುಕೊಂಡಾರು.