ಪುಯೆರ್ಟೊ ವಿಯೇಹೊದಲ್ಲಿ ಎಂಟು ಜನ, ಐದು ದಿನ: ಆರಾಮಾಗಿ ಇರೋದು ಹೇಗೆ?

ಅಮೆರಿಕದಿಂದ ಹೊರಡುವ ಎಂಟು ಗೆಳೆಯರು, ಅರ್ಧ ಜನ ಸಸ್ಯಾಹಾರಿಗಳು, ಕೋಸ್ಟರಿಕಾದ ಕೆರಿಬಿಯನ್ ದಡದಲ್ಲಿ ಐದು ದಿನ ಗಡಿಬಿಡಿಯಿಲ್ಲದೆ ಇರಬೇಕು ಅಂತ ಕೇಳಿದ್ದೀರಿ. ಪುಯೆರ್ಟೊ ವಿಯೇಹೊ ಊರು ಅದಕ್ಕೆ ಹೇಳಿ ಮಾಡಿಸಿದ್ದು. ಪ್ರವಾಸ ಕೆಡೋದು ಹೆಚ್ಚಾಗಿ ಹೋಗಿಬರುವ ದಾರಿಯಲ್ಲಿ.

ಮೊದಲು ಪಾಸ್‌ಪೋರ್ಟ್ ನೋಡಿ. ಭಾರತೀಯರ ಬಳಿ ಚಾಲ್ತಿಯಲ್ಲಿರುವ ಅಮೆರಿಕದ ಬಹುಪ್ರವೇಶ ವೀಸಾ ಸ್ಟ್ಯಾಂಪ್ ಇದ್ದರೆ ಕೋಸ್ಟರಿಕಾ ಬೇರೆ ವೀಸಾ ಕೇಳೋದಿಲ್ಲ. ಆದರೆ ಸ್ಟ್ಯಾಂಪ್ ಮುಗಿದು ಬರೀ ಐ-797 (ಅಮೆರಿಕದ ವಲಸೆ ಇಲಾಖೆಯ ಅನುಮೋದನೆ ಪತ್ರ) ಇಟ್ಟುಕೊಂಡಿರುವ ಎಚ್-1ಬಿ ಗೆಳೆಯರು ಬರುವಂತಿಲ್ಲ. ಮುಗಿದ ಸ್ಟ್ಯಾಂಪಿನಲ್ಲೇ ಹೋಗಿ 30 ದಿನದೊಳಗೆ ಮರಳುವ ಅನುಕೂಲ ಅವರಿಗೆ ಇರೋದು ಕೆನಡಾ, ಮೆಕ್ಸಿಕೊಗೆ ಮಾತ್ರ. ಟಿಕೆಟ್ ಮಾಡುವ ಮುಂಚೆ ನಿಯಮವನ್ನು ಇನ್ನೊಮ್ಮೆ ಓದಿಕೊಳ್ಳಿ.

ರಾಜಧಾನಿ ಸ್ಯಾನ್ ಹೊಸೆಯಿಂದ ಊರಿಗೆ ಸುಮಾರು 220 ಕಿ.ಮೀ. ನಕ್ಷೆ ನಾಲ್ಕು ಗಂಟೆ ಅಂದರೂ ನೀವು ಐದು ಹಿಡಿಯಿರಿ. 32ನೇ ಹೆದ್ದಾರಿ ಬ್ರೌಲಿಯೊ ಕರಿಯೊ ಕಾಡಿನ ಘಟ್ಟ ಇಳಿದು ಲಿಮೋನ್ ಬಂದರಿನ ಕಡೆ ಹೋಗುತ್ತೆ. ಜೋರು ಮಳೆಗೆ ಗುಡ್ಡ ಕುಸಿದು ರಸ್ತೆ ಮುಚ್ಚಿತೆಂದರೆ ಥೇಟ್ ಶಿರಾಡಿ ಘಾಟಿಯ ಕಥೆ. ತುರಿಯಾಲ್ಬಾ ಕಡೆಯಿಂದ ಸುತ್ತಿಕೊಂಡು ಬರಬೇಕು. ಮಂಜು ಬೇರೆ, ಬಂದರಿಗೆ ಹೋಗುವ ಕಂಟೇನರ್ ಲಾರಿಗಳೂ ಬೇರೆ. ಸಂಜೆ ಇಳಿದರೆ ರಾತ್ರಿ ಅಲಾಹುವೆಲಾದಲ್ಲಿ ಉಳಿಯಿರಿ, ವಿಮಾನ ನಿಲ್ದಾಣ ಇರೋದೇ ಅಲ್ಲಿ. ಬೆಳಗ್ಗೆ ಆರಕ್ಕೆ ಹೊರಡಿ. ವಾಪಸಾಗುವಾಗಲೂ ಕೊನೇ ರಾತ್ರಿ ಅಲ್ಲೇ ಇರಲಿ. ಅದೇ ದಿನ ಘಟ್ಟ ಹತ್ತಿ ವಿಮಾನ ಹಿಡೀತೀವಿ ಅನ್ನೋದು ಜೂಜು. ಎಂಟು ಜನಕ್ಕೆ ಡ್ರೈವರ್ ಸಮೇತ ಒಂದು ವ್ಯಾನ್ ಸಾಕು. ಕಾರು ಬಾಡಿಗೆಗೆ ತಗೊಂಡರೆ ಅಲ್ಲಿ ಅದು ಸುಮ್ಮನೆ ನಿಂತಿರುತ್ತೆ.

ಯಾಕೆಂದರೆ ಅಲ್ಲಿ ಓಡಾಟವೆಲ್ಲ ಸೈಕಲ್ ಮೇಲೆ. ಊರಿಂದ ಮಂಜನಿಯೊ ಹಳ್ಳಿವರೆಗೆ ಸುಮಾರು 13 ಕಿ.ಮೀ. ದಡದಗುಂಟ ಒಂದೇ ರಸ್ತೆ, ಹೆಚ್ಚುಕಮ್ಮಿ ಸಮತಟ್ಟು. ಮನೆಯನ್ನು ಊರೊಳಗೆ ಹಿಡಿಯಬೇಡಿ, ರಾತ್ರಿ ಹಾಡಿನ ಗಲಾಟೆ. ಅದೇ ರಸ್ತೆಯ ಕೋಕ್ಲೆಸ್ ಮತ್ತು ಪ್ಲಾಯಾ ಚಿಕಿಟಾ ದಡಗಳ ನಡುವೆ ಅಡುಗೆಮನೆ ಇರುವ ದೊಡ್ಡ ಮನೆ ನೋಡಿ. ಹಾಸಿಗೆಗೆಲ್ಲ ಸೊಳ್ಳೆಪರದೆ ಇದೆಯಾ ಕೇಳಿ. ಒದ್ದೆ ಬಟ್ಟೆ ಎರಡು ದಿನವಾದರೂ ಒಣಗೋದಿಲ್ಲ, ಹತ್ತಿ ಬಟ್ಟೆ ಕಡಿಮೆ ತನ್ನಿ. ಬೆಳಗಿನ ಜಾವ ಹೌಲರ್ ಕೋತಿಗಳ ಗರ್ಜನೆ ಉಚಿತ. ಬಾಡಿಗೆ ಸೈಕಲ್ಲುಗಳಲ್ಲಿ ಅನೇಕಕ್ಕೆ ಕೈಬ್ರೇಕ್ ಇರೋದಿಲ್ಲ, ಪೆಡಲ್ ಹಿಂದಕ್ಕೆ ತುಳಿದರೆ ನಿಲ್ಲುತ್ತೆ. ಅಂಗಡಿ ಮುಂದೆಯೇ ಎಲ್ಲರೂ ಒಂದು ಸುತ್ತು ಹೊಡೆದು ನೋಡಿ, ಬೀಗ ಕೇಳಿ ಪಡೆಯಿರಿ. ಆರು ಗಂಟೆಗೆಲ್ಲ ಕತ್ತಲು, ರಸ್ತೆಯಲ್ಲಿ ದೀಪ ಅಪರೂಪ. ತಲೆಗೆ ಕಟ್ಟುವ ಟಾರ್ಚ್ ಒಬ್ಬೊಬ್ಬರಿಗೂ ಬೇಕು.

ಸಮುದ್ರದ ವಿಷಯದಲ್ಲಿ ಸಲಿಗೆ ಬೇಡ. ಕೋಕ್ಲೆಸ್‌ನಲ್ಲಿ ಒಳಕ್ಕೆಳೆಯುವ ಸೆಳೆತ ಬಲವಾಗಿದೆ. ಅಲೆ ಮುರಿಯದೆ ನುಣುಪಾಗಿ ಕಾಣುವ ಪಟ್ಟಿಯೇ ಮೋಸದ ಜಾಗ. ಸಿಕ್ಕಿಕೊಂಡರೆ ದಡದತ್ತ ಹೋರಾಡದೆ ಅಡ್ಡಕ್ಕೆ ಈಜಿ ಹೊರಬನ್ನಿ. ಊರ ಮುಂದಿನ ಸಾಲ್ಸಾ ಬ್ರಾವಾ ಅಲೆ ಹವಳದ ದಿಬ್ಬದ ಮೇಲೆ ಒಡೆಯುತ್ತೆ, ಅದನ್ನು ದಡದಲ್ಲಿ ಕೂತು ನೋಡಿದರೆ ಸಾಕು. ಈಜಲು ಪುಂಟಾ ಉವಾ ದಡ ಒಳ್ಳೇದು. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಪೆಸಿಫಿಕ್ ಕಡೆ ಮಳೆ ಸುರಿಯುವಾಗ ಇಲ್ಲಿ ನೀರು ಶಾಂತ, ತಿಳಿ; ನಾನಾದರೆ ಆಗಲೇ ಹೋಗಿ ಅನ್ನುತ್ತೇನೆ. ಜುಲೈ, ನವೆಂಬರ್, ಡಿಸೆಂಬರ್ ಬೇಡ.

ದಿನಕ್ಕೆ ಒಂದೇ ಕಾರ್ಯಕ್ರಮ, ಅದೂ ಬೆಳಗ್ಗೆ. ಒಂದು ದಿನ ಕವೀಟಾ ರಾಷ್ಟ್ರೀಯ ಉದ್ಯಾನ: ಕೆಲ್ಲಿ ಕ್ರೀಕ್ ದ್ವಾರದಿಂದ ದಡದ ಕಾಲುದಾರಿ, ಸುಮಾರು 8 ಕಿ.ಮೀ. ಊಟದ ಚೀಲದ ಜಿಪ್ ಎಳೆದಿರಲಿ. ರಕೂನ್, ಕಪುಚಿನ್ ಕೋತಿಗಳು ಕಣ್ಣೆದುರೇ ಎತ್ತಿಕೊಂಡು ಹೋಗುತ್ತವೆ. ಹವಳ ನೋಡಲು ನೀರಿಗಿಳಿಯುವುದಾದರೆ ಗೈಡ್ ಕಡ್ಡಾಯ. ಇನ್ನೊಂದು ದಿನ ಬ್ರಿಬ್ರಿ ಆದಿವಾಸಿಗಳ ಕೋಕೋ ತೋಟ. ಶನಿವಾರ ಬಿದ್ದರೆ ಊರಿನ ರೈತರ ಸಂತೆ.

ಸಸ್ಯಾಹಾರಿಗಳು ರೈಸ್ ಅಂಡ್ ಬೀನ್ಸ್ ಹಿಡಿದುಕೊಳ್ಳಿ: ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ, ಕಾಳು, ಥೈಮ್, ಒಡೆಯದೆ ಇಡಿಯಾಗಿ ಹಾಕಿದ ಚಿಲೆ ಪನಾಮೆನ್ಯೊ ಮೆಣಸಿನಕಾಯಿ. ಜಮೈಕಾ ಮೂಲದವರು ತಂದ ಅಡುಗೆ. ಜೊತೆಗೆ ಕೋಳಿ ಬರುವುದು ರೂಢಿ, ಬೇಡ ಅನ್ನಿ. ‘ಸಿನ್ ಕಾರ್ನೆ’ (ಮಾಂಸವಿಲ್ಲದೆ) ಅಂದರೆ ಸಾಲದು, ಕೋಳಿ-ಮೀನನ್ನು ಎಷ್ಟೋ ಕಡೆ ಕಾರ್ನೆ ಅಂತ ಲೆಕ್ಕ ಹಾಕೋದಿಲ್ಲ; ‘ಸಿನ್ ಪೊಯೊ, ಸಿನ್ ಪೆಸ್ಕಾಡೊ’ (ಕೋಳಿಯಿಲ್ಲದೆ, ಮೀನಿಲ್ಲದೆ) ಸೇರಿಸಿ. ಪಾತಿ ಅನ್ನುವ ಕಡುಬಿನಂಥ ತಿಂಡಿಯಲ್ಲಿ ಸಾಮಾನ್ಯವಾಗಿ ಮಾಂಸ ಇರುತ್ತೆ. ಎಳನೀರಿಗೆ ‘ಪೀಪಾ’ ಅನ್ನಿ.

ಊಟದ ಹೋಟೆಲ್ ಬಿಲ್ಲಿನಲ್ಲಿ 13% ತೆರಿಗೆ, 10% ಸೇವಾಶುಲ್ಕ ಸೇರಿಯೇ ಬರುತ್ತೆ. ಅಮೆರಿಕದ ಅಭ್ಯಾಸದಲ್ಲಿ ಮೇಲೆ ಮತ್ತೆ 20% ಟಿಪ್ಸ್ ಬರೆಯಬೇಡಿ.