ಆಳು ಕರೆದವರು ಯಾರು?

‘ಬಡ ದೇಶದಲ್ಲಿ ಕೆಲಸವಿಲ್ಲ, ಸಿರಿವಂತ ದೇಶದ ಹುಡುಗರಿಗೆ ಮೈ ಬಗ್ಗದು. ವಿದೇಶಿ ಕಾರ್ಮಿಕರು ಹೆಚ್ಚಲು ಬೇರೆ ಕಾರಣ ಬೇಕೆ? ವೀಸಾ ನಿಲ್ಲಿಸಿದರೆ ತಾನಾಗಿ ಕಡಿಮೆಯಾಗುತ್ತಾರೆ’ ಎಂದು ಓದುಗರೊಬ್ಬರು ಬರೆದಿದ್ದಾರೆ.

ಬಡತನ ನಿನ್ನೆ ಮೊನ್ನೆಯದಲ್ಲ. ಅದೊಂದೇ ಕಾರಣವಾಗಿದ್ದರೆ ಕಡುಬಡವರೇ ಮೊದಲು ಹೊರಡಬೇಕಿತ್ತು. ಆದರೆ ಏಜೆಂಟನ ಕಮಿಷನ್ನಿಗೂ ವಿಮಾನದ ಟಿಕೆಟ್ಟಿಗೂ ದುಡ್ಡು ಹೊಂದಿಸಲಾಗದ ಅವರು ಊರಲ್ಲೇ ಉಳಿಯುತ್ತಾರೆ. ಇಂಥ ವಲಸೆ ಎಷ್ಟೋ ಸಲ ಶುರುವಾಗಿದ್ದು ಕರೆಯುವವರ ಕಡೆಯಿಂದ. ಯುದ್ಧಕಾಲದಲ್ಲಿ ಹೊಲಗಳಿಗೆ ಆಳು ಸಾಲದೆ ಅಮೆರಿಕ 1942ರಲ್ಲಿ ಮೆಕ್ಸಿಕೊ ಜೊತೆ ಒಪ್ಪಂದ ಮಾಡಿಕೊಂಡಿತು. ಯುದ್ಧ ಮುಗಿದು ಎರಡು ದಶಕ ಸಮೀಪಿಸಿದರೂ ಒಪ್ಪಂದ ಮುಗಿಯಲಿಲ್ಲ. ತೋಟದ ಮಾಲೀಕರು ಬಿಡಬೇಕಲ್ಲ! ಪಶ್ಚಿಮ ಜರ್ಮನಿ 1955ರಲ್ಲಿ ಇಟಲಿಯಿಂದ, 1961ರಲ್ಲಿ ಟರ್ಕಿಯಿಂದ ಕಾರ್ಮಿಕರನ್ನು ಕರೆಸಿಕೊಳ್ಳಲು ಸಹಿ ಹಾಕಿತು. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಕೊಲ್ಲಿ ದೇಶಗಳದ್ದೂ ಇದೇ ದಾರಿ.

ಇನ್ನು ‘ಮೈ ಬಗ್ಗದು’ ಎಂಬ ಮಾತು. ಇದು ಮಾಲೀಕರಿಗೆ ಅನುಕೂಲವಾದ ಬೈಗುಳ ಎಂದೇ ನನ್ನ ಅನಿಸಿಕೆ. ಕೂಲಿ ಕಡಿಮೆ, ಕೆಲಸ ವರ್ಷಕ್ಕೆ ಕೆಲವೇ ತಿಂಗಳು, ಅಪಾಯ ಬೇರೆ ಎಂದಾದರೆ ಬೇರೆ ದಾರಿ ಇರುವವರು ಯಾಕೆ ಬರುತ್ತಾರೆ? ಆಗ ಕೂಲಿ ಏರಿಸಬೇಕು, ಇಲ್ಲವೇ ಯಂತ್ರ ತರಬೇಕು. ಹೊರಗಿನ ಆಳು ಸಿಕ್ಕರೆ ಎರಡೂ ಖರ್ಚು ಉಳಿಯಿತು. ಅಮೆರಿಕದ ಆ ಒಪ್ಪಂದ 1964ರಲ್ಲಿ ರದ್ದಾದ ಕೆಲವೇ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಂಸ್ಕರಣೆಗೆ ಹೋಗುವ ಟೊಮೆಟೊವನ್ನು ಯಂತ್ರಗಳೇ ಕೊಯ್ಯತೊಡಗಿದ್ದವು. ಅಗ್ಗದ ಕೂಲಿಗಿಂತಲೂ ಮಾಲೀಕನಿಗೆ ಹೆಚ್ಚು ರುಚಿಸುವ ಸಂಗತಿ ಇನ್ನೊಂದಿದೆ: ಎಷ್ಟೋ ಕಡೆ ವೀಸಾ ಒಬ್ಬನೇ ಮಾಲೀಕನಿಗೆ ಕಟ್ಟಿರುತ್ತದೆ. ಸಾಲ ಮಾಡಿ ಬಂದವನು ಕೆಲಸ ಬಿಟ್ಟರೆ ದೇಶವನ್ನೇ ಬಿಡಬೇಕು. ಹೀಗೆ ಕೆಲವು ವರ್ಷ ನಡೆದರೆ ಅದು ‘ಹೊರಗಿನವರ ಕೆಲಸ’ ಎನಿಸಿಕೊಳ್ಳುತ್ತದೆ. ಆಮೇಲೆ ಕೂಲಿ ತುಸು ಏರಿಸಿದರೂ ಸ್ಥಳೀಯರು ಅತ್ತ ಸುಳಿಯುವುದಿಲ್ಲ.

ಯಂತ್ರಕ್ಕೆ ಬಗ್ಗದ ಕೆಲಸಗಳೂ ಇವೆ. ಹಾಸಿಗೆ ಹಿಡಿದ ವೃದ್ಧರನ್ನು ಮಗ್ಗುಲು ಬದಲಿಸಿ ಮಲಗಿಸಲು ಮನುಷ್ಯರೇ ಬೇಕು. ಹೊರಗಿನವರನ್ನು ಬಿಟ್ಟುಕೊಳ್ಳಲು ಬಹಳ ಕಾಲ ಹಿಂಜರಿದ ಜಪಾನ್ ಕೂಡ 2019ರಲ್ಲಿ ವೃದ್ಧರ ಆರೈಕೆ, ಕಟ್ಟಡ ನಿರ್ಮಾಣ, ಬೇಸಾಯಗಳಿಗೆಂದು ಹೊಸ ಬಗೆಯ ವೀಸಾ ತೆರೆಯಿತು.

ವೀಸಾ ನಿಲ್ಲಿಸುವ ನಿಮ್ಮ ಸಲಹೆಯನ್ನು ಪಶ್ಚಿಮ ಜರ್ಮನಿ 1973ರಲ್ಲೇ ಜಾರಿಗೆ ತಂದಿತ್ತು. ಹೊಸ ನೇಮಕಾತಿ ನಿಂತಿತು, ನಿಜ. ಆದರೆ ಒಮ್ಮೆ ಹೋದರೆ ಮತ್ತೆ ಬರಲಾಗದು ಎಂದು ತಿಳಿದ ಟರ್ಕಿಯ ಕಾರ್ಮಿಕರಲ್ಲಿ ಅನೇಕರು ಊರಿಗೆ ಹೋಗದೆ, ಹೆಂಡತಿ ಮಕ್ಕಳನ್ನೇ ಕರೆಸಿಕೊಂಡರು. ಇಟಲಿಯವರಿಗೆ ಯುರೋಪಿಯನ್ ಸಮುದಾಯದ (ಇಂದಿನ ಯುರೋಪಿಯನ್ ಒಕ್ಕೂಟದ ಹಿಂದಿನ ರೂಪ) ಸದಸ್ಯ ದೇಶದವರಾಗಿ ಬಂದು ಹೋಗುವ ಹಕ್ಕು ಉಳಿದಿತ್ತು. ಅವರಿಗೆ ಹಾಗೆ ಅಂಟಿಕೊಂಡು ಕೂರುವ ಅವಸರವಿರಲಿಲ್ಲ.

— ಸಂಪಾದಕ