ಹೋದ ವರ್ಷದ 2-10 ನೋಡಿ 13 ಪಾಯಿಂಟ್ ಕೊಡಬೇಡಿ

ಅಮೆರಿಕದ ಕಾಲೇಜ್ ಫುಟ್‌ಬಾಲ್ ಬೆಟ್ಟಿಂಗ್ ಬಗ್ಗೆ "ಎದುರಾಳಿ ಹೋದ ವರ್ಷ 12ರಲ್ಲಿ ಎರಡೇ ಪಂದ್ಯ ಗೆದ್ದಿದೆ, ಸೀಸನ್ನಿನ ಮೊದಲ ಪಂದ್ಯದಲ್ಲಿ ದೊಡ್ಡ ತಂಡದ ಮೇಲೆ 13 ಪಾಯಿಂಟ್ ಸ್ಪ್ರೆಡ್ ಹಿಡಿಯಬಹುದಾ?" ಅಂತ ಕೇಳಿದ್ರಲ್ಲ, ಬೇಡ ಸರ್. 13 ಪಾಯಿಂಟ್ ಸ್ಪ್ರೆಡ್ ಅಂದ್ರೆ ದೊಡ್ಡ ತಂಡ 13ಕ್ಕಿಂತ ಹೆಚ್ಚು ಅಂತರದಲ್ಲಿ ಗೆದ್ರೆ ಮಾತ್ರ ನೀವು ಬೆಟ್ ಗೆಲ್ತೀರಿ.

2025ರ ಆಗಸ್ಟ್ 30ನ್ನೇ ನೋಡಿ. ಫ್ಲೋರಿಡಾ ಸ್ಟೇಟ್ ಹಿಂದಿನ ವರ್ಷ ಗೆದ್ದಿದ್ದೂ ಎರಡೇ. ಅವರ ಊರು ಟ್ಯಾಲಹಾಸಿಗೆ ಬಂದ ದೊಡ್ಡ ತಂಡ ಅಲಬಾಮಾ ಮೊದಲ ಸರದಿಯಲ್ಲೇ ಟಚ್‌ಡೌನ್ (ನಂತರದ ಕಿಕ್ ಸೇರಿ ಸಾಮಾನ್ಯವಾಗಿ 7 ಪಾಯಿಂಟ್) ಹೊಡೀತು, ಕಥೆ ಮುಗೀತು ಅಂದ್ಕೊಂಡೆ. ಕೊನೆಗೆ 31-17, ಗೆದ್ದಿದ್ದು ಫ್ಲೋರಿಡಾ ಸ್ಟೇಟ್! ಆ ಸಲ ಅವರಲ್ಲಿದ್ದಿದ್ದು ಬಾಸ್ಟನ್ ಕಾಲೇಜಿನಲ್ಲಿ ಆಡಿ ಬಂದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸೋ ಆಟಗಾರ) ಕ್ಯಾಸ್ಟೆಲಾನೋಸ್, ಅಫೆನ್ಸ್ (ದಾಳಿ ವಿಭಾಗ) ನೋಡ್ಕೊಳ್ಳೋಕೆ ಹೊಸದಾಗಿ ಬಂದ ಕೋಚ್ ಗಸ್ ಮಲ್ಜಾನ್. ಟ್ರಾನ್ಸ್‌ಫರ್ ಪೋರ್ಟಲ್ (ಆಟಗಾರರು ಕಾಲೇಜು ಬದಲಿಸೋ ವ್ಯವಸ್ಥೆ) ಬಂದ ಮೇಲೆ ಜೆರ್ಸಿ ಅದೇ, ತಂಡ ಬೇರೆ.

ಅದಕ್ಕೇ ನಾನು ಮೊದಲು ನೋಡೋದು ಕ್ವಾರ್ಟರ್‌ಬ್ಯಾಕ್ ಯಾರು, ಅವನನ್ನ ಕಾಯೋಕೆ ಮುಂದೆ ನಿಲ್ಲೋ ಐದು ಜನರಲ್ಲಿ ಹಳಬರೆಷ್ಟು ಅಂತ.

ಇನ್ನೊಂದು ವಿಷಯ. ದೊಡ್ಡ ತಂಡ 17 ಮುಂದಿದ್ದಾಗ ಕೋಚ್ ಬೆಂಚಿನ ಹುಡುಗರನ್ನ ಇಳಿಸ್ತಾರೆ. ಕೊನೇ ನಿಮಿಷದಲ್ಲಿ ಎದುರಾಳಿ ಒಂದು ಟಚ್‌ಡೌನ್ ಹೊಡೆದ್ರೆ ಅಂತರ 10ಕ್ಕೆ ಇಳಿಯುತ್ತೆ. ತಂಡ ಗೆದ್ದರೂ ನಿಮ್ಮ ದುಡ್ಡು ಹೋಯ್ತು.

ಹಾಕಲೇಬೇಕು ಅಂದ್ರೆ 13 ಇರುವಾಗಲೇ ಹಾಕಿ. ಎರಡು ಟಚ್‌ಡೌನ್ ಅಂತರ ಅಂದ್ರೆ 14, ಸ್ಪ್ರೆಡ್ 14.5ಕ್ಕೆ ಏರಿದ್ರೆ ಅದೂ ಸಾಲಲ್ಲ, ಮುಟ್ಟಲೇಬೇಡಿ.